ಮೊದಲ ಹೆಸರು

ಬಿಸಿನೀರಿನ ಕೊಡವನ್ನು ಪರದೆಯ ಅಡಿಯಿಂದ ಒಳಗೆ ಸರಿಸುವಾಗ ತಹಸೀನಳ ಫೋನು ಮತ್ತೆ ಬಡಿದುಕೊಂಡಿತು. ಒಳಗೆ ಅಲ್ತಾಫ್ ತನ್ನ ಅಣ್ಣ ಅಬ್ದುಲ್ ರಜಾಕರಿಗೆ ಕೊನೆಯ ಸ್ನಾನ ಮಾಡಿಸುತ್ತಿದ್ದ. ಅವಳು ಫೋನು ಎತ್ತಲಿಲ್ಲ.

"ಯಾರದವ್ವಾ?" ಗೋಡೆಗೊರಗಿದ್ದ ರಜಾಕರ ಹೆಂಡತಿ ಬಿಸ್ಮಿಲ್ಲಾ ಬೀ ಕೇಳಿದರು.

"ನನ್ನ ಪಿಎಚ್‌ಡಿ ಗೈಡ್‌ದು ರಿ ಚಾಚಿ, ದಿಗಂಬರ ಸರ್. ಮಣ್ಣಿಗೆ ಬರಾಕತ್ತಾರಂತ, ಆಗಲೇ ಮೆಸೇಜ್ ಹಾಕ್ಯಾರ."

"ಬರ್ಲಿ ಬಿಡು. ಇವರು ಹೋಗೋ ದಿನಾನೂ ಕಾಲೇಜಿನ ಫೋನೇ." ಸಿಟ್ಟು ಮಾಡಿಕೊಳ್ಳುವಷ್ಟು ತ್ರಾಣವೂ ಆ ದನಿಯಲ್ಲಿ ಉಳಿದಿರಲಿಲ್ಲ.

ರಜಾಕ್ ಹುಮನಾಬಾದಿನ ಕಾಲೇಜೊಂದರಲ್ಲಿ ತಹಸೀನಳಿಗೆ ಇತಿಹಾಸ ಕಲಿಸಿದ ಅತಿಥಿ ಉಪನ್ಯಾಸಕರು. ತಲೆ ಪೂರ್ತಿ ನರೆತ ಮೇಲೂ ಅತಿಥಿಯೇ. ನಿನ್ನೆ ಕೊನೆಯ ಪಾಠ ಮುಗಿಸಿ ಬಂದು, ಎದೆ ಉರಿಯುತ್ತದೆಂದು ಮಲಗಿದವರು ಏಳಲಿಲ್ಲ.

* * *

ಬಸವಕಲ್ಯಾಣದ ಹಳೆಯ ಬಾವಿಗಳ ಮೇಲೆ ತಹಸೀನ್ ಬರೆದ ಮೊದಲ ಲೇಖನ ಜರ್ನಲ್‌ನಿಂದ ತಿರಸ್ಕೃತವಾಗಿ ಬಂದ ಸಂಜೆ, ಅವಳು ಇದೇ ಅಂಗಳದಲ್ಲಿ ಕೂತು ಅತ್ತಿದ್ದಳು.

"ರೊಕ್ಕ ಕೊಟ್ರ ವಾರದಾಗ ಛಾಪಿಸೋರು ಅದಾರ್ರಿ ಸರ್. ಎಲ್ಲಾರೂ ಹಂಗೇ ಮಾಡಾಕತ್ತಾರ."

"ಮಾಡ್ಲಿ. ಅದನ್ನ ಛಾಪಿಸಿದವನೂ ಓದಂಗಿಲ್ಲ." ರಜಾಕ್ ಚಹಾ ಮುಂದಿಟ್ಟರು. "ವಿಮರ್ಶಕರು ಬರ್ದಿದ್ದನ್ನ ಇವತ್ತು ಓದಬ್ಯಾಡ. ಉಂಡು ಮಲ್ಕೋ. ನಾಳೆ ಓದು. ಬೈದಿದ್ದು ಬಿಡು, ಕೇಳಿದ್ದನ್ನ ಅಷ್ಟೇ ಆರಿಸ್ಕೋ. ಬಾವಿ, ನೀರಿನ ಜಗಳ, ಸುಲ್ತಾನರ ಕಾಲ ಎಲ್ಲಾ ಒಂದ್ರಾಗೇ ತುಂಬೀದಿ. ಒಂದು ಮಾತು ಹೇಳು, ಸಾಕು."

ಆಮೇಲೆ ಎಷ್ಟೋ ಭಾನುವಾರ ಅವರು ಕಲ್ಯಾಣಕ್ಕೆ ಬಸ್ಸು ಹತ್ತಿ ಬಂದು, ಅವಳ ಅಪ್ಪನ ಚಪ್ಪಲಿ ಅಂಗಡಿಯ ಬಾಕಿನ ಮೇಲೆ ಕೂತು ಲೇಖನ ತಿದ್ದಿದರು. ಹೋದ ತಿಂಗಳು ಬೇರೊಂದು ಜರ್ನಲ್ ಅದನ್ನು ಒಪ್ಪಿಕೊಂಡಿತು. ಜೊತೆಗೆ ನಿಮ್ಮ ಹೆಸರೂ ಹಾಕುತ್ತೇನೆಂದಾಗ ಅವರು ಕೈಯಾಡಿಸಿದರು.

"ನಾ ಓದೀನಿ. ಬರ್ದಾಕಿ ನೀನು." ಹಾಳೆ ಜೋಡಿಸುತ್ತ ಅಂದರು: "ನಂದೂ ಒಂದು ಲೇಖನ ಇತ್ತವ್ವ. ಆಗಿನ ನನ್ನ ಗೈಡ್ ಸಾಹೇಬ್ರು ಅವರ ಹೆಸರು ಮೊದಲು ಹಾಕಿದ್ರು. ಪುಸ್ತಕ ಆದಾಗ ನನ್ನ ಹೆಸರೇ ಇರ್ಲಿಲ್ಲ. ನಾ ಏನೂ ಅನ್ಲಿಲ್ಲ. ಆಮ್ಯಾಲ ಬರೀಲಾಕ ಕೈ ಏಳಲಿಲ್ಲ."

* * *

ದಿಗಂಬರ ಸರ್ ಕಾರು ಓಣಿಯ ಬಾಯಲ್ಲಿ ನಿಲ್ಲಿಸಿ ನಡೆದು ಬಂದರು. ಅಲ್ತಾಫನ ಕೈ ಹಿಡಿದು ಎರಡು ಮಾತಾಡಿದರು. ಆಮೇಲೆ ತಹಸೀನಳನ್ನು ಕಟ್ಟೆಯ ಪಕ್ಕಕ್ಕೆ ಕರೆದರು.

"ಜರ್ನಲ್‌ನವರು ಪ್ರೂಫ್ ಕಳ್ಸ್ಯಾರಂತಲ್ಲ. ನನ್ನ ಹೆಸರು ಮೊದಲು ಹಾಕವ್ವ. ಥೀಸಿಸ್‌ಗೆ ಯಾರ ಸಹಿ ಬೇಕು ಗೊತ್ತದಲ್ಲ?"

"ಗೊತ್ತದ್ರಿ ಸರ್. ನೀವು ಲೇಖನ ಓದೀರೇನ್ರಿ?"

ಅವರು ಸುತ್ತ ನೋಡಿದರು. "ಇದು ಮಾತಾಡೋ ಹೊತ್ತಲ್ಲ."

"ಮಾತು ನೀವೇ ತೆಗೆದ್ರಿ ಸರ್. ಸುದ್ದಿ ಕೇಳಿ ಬರೋವಾಗ ಬಸ್ಸಿನ್ಯಾಗೇ ಕೂತು ಪ್ರೂಫ್ ತಿದ್ದಿ ವಾಪಸ್ ಕಳ್ಸೀನಿ. ನಂದೊಂದೇ ಹೆಸರು ಅದ."

ಅವರು ಗಂಡಸರ ಗುಂಪಿನತ್ತ ಹೋದರು. ತಹಸೀನ್ ಕಟ್ಟೆಯ ಮೇಲೆ ಕೂತಳು. ಗೆದ್ದ ಹಾಗೆ ಅನಿಸಲಿಲ್ಲ. ಇನ್ನು ಆ ಸಹಿಗೆ ಎಷ್ಟು ಸಲ ಅಲೆಯಬೇಕೋ, ಕೊನೆಗೆ ಸಿಗುತ್ತದೋ ಇಲ್ಲವೋ. ಕೇಳೋಣವೆಂದರೆ ರಜಾಕ್ ಸರ್ ಇಲ್ಲ. ಆಗ ಮಾತ್ರ ಅವಳಿಗೆ ಅಳು ಬಂತು.

ಶವದ ಮಂಚ ಹೊತ್ತ ಜನಾಜಾ ಎದ್ದಿತು. ಹೆಂಗಸರು ಬಾಗಿಲಲ್ಲೇ ಉಳಿದರು. ತಹಸೀನ್ ಬಿಸ್ಮಿಲ್ಲಾ ಬೀಯ ತೋಳು ಹಿಡಿದು ಮಾಳಿಗೆಗೆ ಹತ್ತಿಸಿದಳು. ಕೆಳಗೆ ದಿಗಂಬರ ಸರ್ ಜನರನ್ನು ಸರಿಸಿಕೊಂಡು ಹೋಗಿ ಮಂಚದ ಮುಂದಿನ ಕಾಲಿಗೇ ಹೆಗಲು ಕೊಟ್ಟರು. ಓಣಿಯ ತಿರುವಿನಲ್ಲಿ ಯಾರೋ ಅವರ ಜಾಗಕ್ಕೆ ಬಂದರು. ಅವರು ಹೊರಗೆ ಸರಿದು, ಕರವಸ್ತ್ರ ತೆಗೆದು ಹೆಗಲು ಒರೆಸಿಕೊಂಡರು. ಇನ್ನೊಬ್ಬ ಬಂದ, ಮತ್ತೊಬ್ಬ ಬಂದ. ಮೇಲಿನಿಂದ ಯಾರು ಹೊತ್ತಿದ್ದಾರೋ ತಿಳಿಯುತ್ತಿರಲಿಲ್ಲ. ತಲೆಗಳ ಮೇಲೆ ಹಸಿರು ಚಾದರವೊಂದೇ ಬಿಸಿಲಲ್ಲಿ ಮೆಲ್ಲಗೆ ಹೋಗುತ್ತಿತ್ತು.