ಅಕ್ಕ ತಿದ್ದಿದ ಖಳನಾಯಕಿ

ವಾರಪತ್ರಿಕೆಯ ಕಚೇರಿಯಲ್ಲಿ ಕಥೆ ತಿದ್ದುವ ಕೆಲಸ ಅಕ್ಕನದು. ಹನ್ನೆರಡು ವರ್ಷಗಳಿಂದ ಅದೇ ಪತ್ರಿಕೆಗೆ ಧಾರಾವಾಹಿಗಳನ್ನೂ ಬರೆಯುತ್ತಿದ್ದಳು. ಅವಳ ಖಳರು ಗಹಗಹಿಸಿ ನಗುವವರು, ಕೆನ್ನೆಯ ಮೇಲೆ ಗಾಯದ ಕಲೆ ಹೊತ್ತವರು, ಬಾಗಿಲನ್ನು ಒದ್ದೇ ಒಳಗೆ ಬರುವವರು.

ಔಷಧಿ ಅಂಗಡಿಯಲ್ಲಿ ದುಡಿಯುವ ತಂಗಿ ತನ್ನ ಮೊದಲ ಧಾರಾವಾಹಿ ತಂದಾಗ ಸಂಪಾದಕರಿಗೆ ಶಿಫಾರಸು ಮಾಡಿದ್ದೂ ಅಕ್ಕನೇ. ನಾಲ್ಕು ವಾರ ಓಡಿ ನಿಂತೀತು ಎಂದುಕೊಂಡಿದ್ದಳು. ಆದರೆ ಅದರಲ್ಲೊಬ್ಬಳು ಅತ್ತೆಯಿದ್ದಳು. ಮೆಲುದನಿಯವಳು. ತೀರಿಕೊಂಡ ಅಣ್ಣನ ಮಗಳನ್ನು ಸಾಕಿದವಳು. ಆ ಹುಡುಗಿಗೆ ಪ್ರಿಯಕರ ಬರೆದ ಪತ್ರಗಳನ್ನೆಲ್ಲ ಬೀರುವಿನಲ್ಲಿ ಬಚ್ಚಿಟ್ಟು, ಹುಳ ತಿನ್ನದಿರಲೆಂದು ನಡುನಡುವೆ ನುಸಿಗುಳಿಗೆ ಇಡುವಳು.

ಆ ನುಸಿಗುಳಿಗೆ ಓದುಗರ ನಿದ್ದೆ ಕೆಡಿಸಿತು. ಕಚೇರಿಗೆ ಚೀಲಗಟ್ಟಲೆ ಪತ್ರ.

"ಇಷ್ಟೂ ನಿಮ್ಮ ತಂಗಿಯವರದ್ದು. ನಿಮಗೆ ಇಗೋ, ಒಂದು" ಎಂದ ಅಂಚೆಯವನು. ಆ ಒಂದೂ ಹಲ್ಲುಪುಡಿಯ ಜಾಹೀರಾತು.

ಮನೆಯಲ್ಲಿ ಅಮ್ಮ, ಅಕ್ಕನ ಒಂದು ಕಥೆಯನ್ನೂ ಪೂರ್ತಿ ಓದದವಳು, ಪತ್ರಿಕೆ ಬಂದೊಡನೆ ಕನ್ನಡಕ ಹುಡುಕತೊಡಗಿದಳು. "ಎಂಥ ಕೆಟ್ಟವಳೇ ಆ ಅತ್ತೆ! ನನಗಂತೂ ಅವಳೇ ಇಷ್ಟ ಕಣೆ."

ಅಕ್ಕನ ಹೊಟ್ಟೆಗೆ ಬೆಂಕಿ ಬಿತ್ತು. ಒಂಬತ್ತನೆಯ ಅಧ್ಯಾಯ ಮೇಜಿಗೆ ಬಂದಾಗ, 'ಕಥೆ ಸಪ್ಪೆಯಾಗ್ತಿದೆ, ಸ್ವಲ್ಪ ಖಾರ ಬೇಕು, ಅವಳ ಒಳ್ಳೇದಕ್ಕೇ' ಎಂದು ತನಗೆ ತಾನೇ ಹೇಳಿಕೊಂಡು ಕೆಂಪು ಪೆನ್ನು ಎತ್ತಿಕೊಂಡಳು. ಅತ್ತೆ ಪತ್ರಗಳನ್ನೆಲ್ಲ ಸುಟ್ಟಳು. ಗಹಗಹಿಸಿ ನಕ್ಕಳು. "ನಿನ್ನ ಬಾಳು ಹಾಳು ಮಾಡ್ತೀನಿ!" ಎಂದು ಕಿರುಚಿದಳು.

ಸಂಚಿಕೆ ಅಚ್ಚಾಗಿ ಹೊರಬಿತ್ತು. ಮರುವಾರದ ಪತ್ರಗಳಲ್ಲಿ ಒಂದೇ ಪ್ರಶ್ನೆ: ಅತ್ತೆಗೆ ಏನಾಯ್ತು, ದೆವ್ವ ಮೆಟ್ಟಿಕೊಂಡಿತಾ?

ಸಂಪಾದಕರು ತಂಗಿಯನ್ನು ಕರೆಸಿದರು. "ಏನಮ್ಮಾ ಇದು?"

ತಂಗಿ ಪುಟವನ್ನು ನೋಡಿದಳು, ಅಕ್ಕನನ್ನು ನೋಡಿದಳು. "ನಾನೇ ಸ್ವಲ್ಪ ಎಡವಿಬಿಟ್ಟೆ ಸಾರ್" ಎಂದಳು.

ಅಕ್ಕನಿಗೆ ಸಮಾಧಾನವಾಗಲಿಲ್ಲ. ಬರೆಯುವುದರಲ್ಲಿ ಮಾತ್ರವಲ್ಲ, ಇದರಲ್ಲೂ ತಂಗಿಯೇ ಮುಂದೆ ಹೋದಳಲ್ಲ ಎಂದು ಮೈಯೆಲ್ಲ ಉರಿಯಿತು. ಮೆಟ್ಟಿಲಿಳಿಯುತ್ತಿದ್ದವಳನ್ನು ತಡೆದಳು.

"ಯಾಕೇ ಸುಳ್ಳು ಹೇಳಿದೆ? ದೊಡ್ಡವಳಾಗೋಕಾ?"

"ನಿನ್ನ ಕೆಲಸ ಹೋಗಬಾರದು ಅಂತ. ಆದ್ರೆ ಅಕ್ಕಾ, ಆ ಅತ್ತೆ ಕಿರುಚಲ್ಲ. ನಿನ್ನ ಖಳರಿಗೆಲ್ಲ ತಾವು ಕೆಟ್ಟವರು ಅಂತ ಗೊತ್ತಿರುತ್ತೆ. ಇವಳಿಗೆ ಗೊತ್ತೇ ಇಲ್ಲ. ಒಳ್ಳೇದು ಮಾಡ್ತಿದ್ದೀನಿ ಅಂದ್ಕೊಂಡಿರ್ತಾಳೆ. ನನಗೆ ಅಂಥವರನ್ನ ಕಂಡ್ರೇನೇ ಭಯ."

ತಂಗಿ ಹೊರಟುಹೋದಳು. 'ಅವಳ ಒಳ್ಳೇದಕ್ಕೇ' ಎಂದು ತಾನು ಹೇಳಿಕೊಂಡದ್ದು ಅಕ್ಕನಿಗೆ ನೆನಪಾಯಿತು. ಆಮೇಲೆ ಮೇಲೆ ಹತ್ತಿ, ಕೆಂಪು ಶಾಯಿಯ ಗೀರುಗಳಿದ್ದ ಹಸ್ತಪ್ರತಿಯನ್ನು ಸಂಪಾದಕರ ಮುಂದಿಟ್ಟಳು.

"ಎಡವಿದ್ದು ಅವಳಲ್ಲ ಸಾರ್, ನಾನು. ಹೊಟ್ಟೆಕಿಚ್ಚಿಗೆ ಮಾಡಿದೆ."

ಸಂಪಾದಕರು ಗೀರುಗಳನ್ನು ಒಂದೊಂದಾಗಿ ನೋಡಿ ಹಸ್ತಪ್ರತಿಯನ್ನು ಪಕ್ಕಕ್ಕಿಟ್ಟರು. "ಇನ್ಮೇಲೆ ಧಾರಾವಾಹಿ ನಾನೇ ನೋಡ್ಕೊಳ್ತೀನಿ. ನೀವು ಪದಬಂಧ ನೋಡಿ" ಎಂದರು.

ಒಂಬತ್ತನೆಯ ಅಧ್ಯಾಯವನ್ನು ತಂಗಿ ಬರೆದಂತೆಯೇ ಮತ್ತೆ ಅಚ್ಚು ಹಾಕಿದರು. ಆ ಸಂಜೆ ಅಕ್ಕ ತಡೆಯಲಾರದೆ ತಂಗಿಯನ್ನು ಕೇಳಿದಳು: "ಆ ಪತ್ರಗಳು ಕೊನೆಗೆ ಹುಡುಗಿಗೆ ಸಿಗುತ್ತವಾ?"

"ಹೇಳಲ್ಲ. ಬೇಕಾದ್ರೆ ಓದು."

ಅಕ್ಕನ ಹೊಟ್ಟೆಯ ಉರಿ ಆರಿರಲಿಲ್ಲ. ಆದರೂ ಹೊಸ ಸಂಚಿಕೆಯ ಕಟ್ಟು ಬಂದಿಳಿದಾಗ, ಕಚೇರಿಯಲ್ಲಿ ಎಲ್ಲರಿಗಿಂತ ಮೊದಲು ಓಡಿಹೋಗಿ ಅದನ್ನು ಬಿಚ್ಚಿದವಳು ಅವಳೇ.