ಮುಂದಿನ ಸೀಟಿನ ಮಾತಿನಮಲ್ಲಿ

ಬಸ್ಸು ಓಡಿಸುವ ತಾತನಿಗೆ ಬಾಯಿ ಇರಲಿಲ್ಲ ಎಂದಲ್ಲ. ಸ್ಟೀರಿಂಗ್ ಹಿಡಿದರೆ ಸಾಕು, ಅಡ್ಡ ಬಂದವರ ಜನ್ಮ ಜಾಲಾಡುತ್ತಿದ್ದ. ಅಂಥವನ ಬಾಯಿಗೆ, ಸ್ವಂತ ಮೊಮ್ಮಗಳು ಬಸ್ಸು ಹತ್ತಿದ ದಿನ ಬೀಗ ಬಿತ್ತು. ಹಾಕಿದವರು ಅವನ ವಕೀಲರು.

ಮಗಳು ತೀರಿಕೊಂಡ ಮೇಲೆ ಮಗುವನ್ನು ಸಾಕಿದ್ದು ಅವನೇ. ಇಡೀ ದಿನ ವಟಗುಟ್ಟುವ ಅವಳನ್ನು ಮಾತಿನಮಲ್ಲಿ ಎಂದು ಕರೆದವನೂ ಅವನೇ. ಆಮೇಲೆ ಕಾಲು ಮುರಿದು ತಿಂಗಳುಗಟ್ಟಲೆ ಹಾಸಿಗೆ ಹಿಡಿದಾಗ, ಮಕ್ಕಳ ಇಲಾಖೆಯವರು ಅವಳನ್ನು ಒಬ್ಬ ಸಾಕುತಾಯಿಯ ಮನೆಯಲ್ಲಿ ಬಿಟ್ಟರು. ಇವನು ಎದ್ದು ಓಡಾಡುವ ಹೊತ್ತಿಗೆ ಮಗು ಆ ಮನೆಗೆ ಹೊಂದಿಕೊಂಡಿತ್ತು. ಕಳಿಸಲು ಆಕೆಗೆ ಮನಸ್ಸಿಲ್ಲ, ಬಿಡಲು ಇವನಿಗೆ ಮನಸ್ಸಿಲ್ಲ. ಇಬ್ಬರೂ ಕೋರ್ಟಿನ ಮೆಟ್ಟಿಲು ಹತ್ತಿದರು.

"ತೀರ್ಪು ಬರೋವರೆಗೂ ಮಗು ಹತ್ರ ಒಂದು ಮಾತೂ ಆಡ್ಬೇಡಿ. ತಲೆ ಕೆಡಿಸಿದ್ರಿ ಅಂತ ಹಿಡ್ಕೊಂಡುಬಿಡ್ತಾರೆ," ಎಂದಿದ್ದರು ವಕೀಲರು.

ಹೀಗಿರುವಾಗ ಒಂದು ಬೆಳಿಗ್ಗೆ ಸಾಕುತಾಯಿ ಮಗುವನ್ನು ಕರೆದುಕೊಂಡು ಅವನ ಬಸ್ಸನ್ನೇ ಹತ್ತಿದಳು. ಅದೂ ಮುಂದಿನ ಸೀಟಿಗೆ ಬಂದು ಕುಳಿತಳು. ಇದೇನೋ ಬಲೆ ಎಂದುಕೊಂಡ ಅವನು.

"ತಾತಾ! ನನ್ ಹಲ್ಲು ಬಿತ್ತು, ನೋಡು!"

ಅವನ ಕಣ್ಣು ಕನ್ನಡಿಯತ್ತ ಹೋಯಿತು. ಆದರೂ ತಿರುಗಲಿಲ್ಲ, ತಲೆಯ ಮೇಲಿದ್ದ ಫಲಕಕ್ಕೆ ಬೆರಳು ತೋರಿಸಿದ. ಆಗಷ್ಟೇ ಓದಲು ಕಲಿತಿದ್ದ ಹುಡುಗಿ ಅಕ್ಷರ ಕೂಡಿಸಿ ಕೂಡಿಸಿ ಓದಿದಳು: "ಚಾಲಕ... ರೊಂದಿಗೆ... ಮಾತನಾಡ... ಬೇಡಿ."

ಮರುದಿನವೂ ಹತ್ತಿದರು, ಅದರ ಮರುದಿನವೂ. ಮಗು ಮತ್ತೆ ಅವನನ್ನು ಮಾತಾಡಿಸಲಿಲ್ಲ. ಪರವಾಗಿಲ್ಲ, ನಮ್ಮ ಹುಡುಗಿ ಬುದ್ಧಿವಂತೆ ಎಂದು ಒಳಗೊಳಗೇ ಹಿಗ್ಗಿದ. ಎಂಥ ಬೆಪ್ಪುತಕ್ಕಡಿ!

ವಿಚಾರಣೆಯ ದಿನ ನ್ಯಾಯಾಧೀಶೆ ಎಲ್ಲರನ್ನೂ ತಮ್ಮ ಕೋಣೆಗೇ ಕರೆಸಿದರು. "ಹೋಗು ಪುಟ್ಟಿ, ತಾತನ ಹತ್ರ ಮಾತಾಡು," ಎಂದರು. ಮಗು ತುಟಿ ಬಿಗಿದುಕೊಂಡು ನಿಂತಿತು.

ತಾತನ ವಕೀಲರು ಚಂಗನೆ ಎದ್ದರು. "ನೋಡಿ ಮೇಡಂ! ಮಾತಾಡ್ಬೇಡ ಅಂತ ಹೇಳ್ಕೊಟ್ಟು ಕರ್ಕೊಂಡು ಬಂದಿದ್ದಾರೆ."

ಸಾಕುತಾಯಿಯ ಮುಖ ಕಪ್ಪಿಟ್ಟಿತು. ಒಮ್ಮೆ ಇವನತ್ತ ನೋಡಿದಳು, ಬಸ್ಸಿನ ಮಾತು ಎತ್ತಲಿಲ್ಲ. ಎತ್ತಬೇಕಾಗಿದ್ದವನು ಇವನು. ಆದರೆ ಕೇಸು ತನ್ನ ಕಡೆ ವಾಲುತ್ತಿರುವುದು ಗೊತ್ತಾಗಿ, ಮಹಾಶಯ ಪಿಟ್ಟೆನ್ನದೆ ಕುಳಿತುಬಿಟ್ಟ.

"ಯಾರು ಪುಟ್ಟಿ ನಿಂಗೆ ಮಾತಾಡ್ಬೇಡ ಅಂದಿದ್ದು?" ನ್ಯಾಯಾಧೀಶೆ ಕೇಳಿದರು.

"ತಾತಾನೇ. ಬಸ್ಸಲ್ಲಿ ಬೋರ್ಡಿದೆ. ಅದನ್ನ ತೋರಿಸಿದ."

ಭೂಮಿ ಬಾಯಿಬಿಟ್ಟು ನುಂಗಬಾರದೇ ಎನಿಸಿತು ಅವನಿಗೆ. "ಹೌದು ಮೇಡಂ," ಎಂದು ತೊದಲಿದ. ನ್ಯಾಯಾಧೀಶೆ ಅವನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ತೀರ್ಪನ್ನು ಮುಂದಕ್ಕೆ ಹಾಕಿ, ಅಲ್ಲಿಯವರೆಗೆ ತಾತ ಮೊಮ್ಮಗಳು ಧಾರಾಳವಾಗಿ ಮಾತಾಡಿಕೊಳ್ಳಲಿ ಎಂದರು.

ಹೊರಗೆ ಬೆಂಚಿನ ಬಳಿ ಸಾಕುತಾಯಿ ಮಗುವಿನ ಶೂ ಲೇಸು ಕಟ್ಟುತ್ತಿದ್ದಳು.

"ನಮ್ಮನೆ ಮುಂದೇನೇ ಬೇರೆ ಬಸ್ ಬರುತ್ತೆ ಯಜಮಾನ್ರೇ. ನಿಮ್ಮನ್ನ ನೋಡ್ಲಿ, ಮಾತಾಡ್ಲಿ ಅಂತ ಎರಡು ಬೀದಿ ನಡ್ಕೊಂಡು ಬರ್ತಿದ್ವಿ."

"ಮತ್ತೆ ಒಳಗೆ ಯಾಕಮ್ಮ ಹೇಳ್ಲಿಲ್ಲ?"

"ನೀವೇ ಹೇಳ್ತೀರ ಅಂದ್ಕೊಂಡೆ."

ಅವನು ನಾಚಿಕೆಯಿಂದ ತಲೆ ತಗ್ಗಿಸಿದ.

ಮರುದಿನ ಅವರು ಬಸ್ಸು ಹತ್ತಿ ಅದೇ ಸೀಟಿನಲ್ಲಿ ಕುಳಿತರು. ಅವನು ಎಂಜಿನ್ ಆರಿಸಿ, ಪೂರ್ತಿ ಹಿಂದಕ್ಕೆ ತಿರುಗಿದ. ಹಿಂದಿನವರು ಗೊಣಗಿದರೂ ಲೆಕ್ಕಿಸಲಿಲ್ಲ.

"ಎಲ್ಲಿ, ಆ ಬಿದ್ದ ಹಲ್ಲಿನ ಜಾಗ ತೋರ್ಸು ನೋಡೋಣ, ಮಾತಿನಮಲ್ಲಿ!"

ಮಗು ಬಾಯಿ ತೆರೆಯಲಿಲ್ಲ. ಅವನು ತೋರಿಸಿದ್ದ ಹಾಗೆಯೇ, ಫಲಕಕ್ಕೆ ಬೆರಳು ತೋರಿಸಿತು.