ಚಪ್ಪಲಿ ಮೆಟ್ಟಿ ಎಲೆತೋಟಕ್ಕೆ

ಅಮ್ಮನ ಪಾದ ಒರೆಸುತ್ತಿದ್ದ ಮಹದೇವಮ್ಮನ ಕೈ ಜವರಪ್ಪನ ಮಾತು ಕೇಳಿ ಅಲ್ಲೇ ನಿಂತಿತು.

“ನೋಡವ್ವ, ನಿಮ್ಮವ್ವ ಬೆಟ್ಟಮ್ಮ ಇರೋಗಂಟ ಬಾಯ್ಮುಚ್ಕೊಂಡಿದ್ದೆ. ನಾಳೆಯಿಂದ ಎಕ್ಕಡ ಮೆಟ್ಕೊಂಡು ಯಾವ ಹೆಂಗ್ಸೂ ತ್ವಾಟದೊಳಕ್ಕೆ ಬರಕೂಡ್ದು. ಬಂದ್ರೆ ಕೆಲ್ಸ ಇಲ್ಲ, ಅಷ್ಟೇಯ.”

ಹೆಣ ಇನ್ನೂ ಅಂಗಳದಲ್ಲಿತ್ತು. ಚಟ್ಟಕ್ಕೆ ಬಿದಿರು ಕಡಿಯುವ ಸದ್ದು ಕೇಳುತ್ತಿತ್ತು. ಕೃಷ್ಣಮೂರ್ತಿಪುರಂ ಪಕ್ಕದ ಎಲೆತೋಟದ ಯಜಮಾನ ಜವರಪ್ಪ ಕೆಟ್ಟವನೇನಲ್ಲ. ಸಾವಿನ ಸುದ್ದಿಗೆ ಮೊದಲು ಓಡಿ ಬಂದವನೂ ಅವನೇ, ಬಿದಿರು ಕೊಡಿಸಿದವನೂ ಅವನೇ. ಆದರೆ ವೀಳ್ಯದೆಲೆಯ ಬಳ್ಳಿಯೆಂದರೆ ಸಾಕ್ಷಾತ್ ಲಕ್ಷ್ಮಿ, ಅದರ ಬುಡಕ್ಕೆ ಬರಿಗಾಲಲ್ಲೇ ಹೋಗಬೇಕೆಂಬುದು ಅವನ ತಾತನ ಕಾಲದ ಹಟ. ಈ ವರ್ಷ ಬಳ್ಳಿ ಕೊಳೆತದ್ದಕ್ಕೂ ಹೆಂಗಸರ ಚಪ್ಪಲಿಯೇ ಕಾರಣವೆಂದು ತೀರ್ಮಾನಿಸಿಬಿಟ್ಟಿದ್ದ.

ಮಹದೇವಮ್ಮನಿಗೆ ಮೈಯೆಲ್ಲ ಉರಿಯಿತು. ಅಮ್ಮನ ಜೊತೆಗೆ ಅಮ್ಮ ಗೆದ್ದದ್ದನ್ನೂ ಇವತ್ತೇ ಮಣ್ಣು ಮಾಡಬೇಕೆ?

*

ಹದಿಮೂರು ವರ್ಷದ ಹಿಂದೆ, ಐವತ್ತನೆಯ ಇಸವಿಯಲ್ಲಿ, ತೋಟದವರು ಬೆಟ್ಟಮ್ಮನನ್ನು ಕರೆಯುತ್ತಿದ್ದದ್ದೇ ಸುಸ್ತಮ್ಮ ಎಂದು. ಎರಡು ಬಿಂದಿಗೆ ನೀರು ಹೊತ್ತರೆ ಏದುಸಿರು, ಬದುವಿನ ಮೇಲೆ ಕುಳಿತರೆ ಏಳಲಾಗದು. ಕದ್ದು ಮಣ್ಣು ತಿನ್ನುತ್ತಾಳೆಂದು ಗಂಡ ಬೈದ, ಮೈಗಳ್ಳಿಯೆಂದು ಅತ್ತೆ ಬೈದಳು, ಗಾಳಿ ಸೋಕಿದೆಯೆಂದು ಬೇವಿನ ಸೊಪ್ಪಿನಲ್ಲಿ ಹೊಡೆಸಿದ್ದೂ ಆಯಿತು. ಕೊನೆಗೆ ತಾನು ಸೋಮಾರಿಯೆಂದು ಬೆಟ್ಟಮ್ಮನೇ ನಂಬಿಬಿಟ್ಟಳು.

ಒಂದು ದಿನ ಎಲೆ ಮಾರಲು ಹೋದ ಮನೆಯ ಜಗಲಿಯಲ್ಲೇ ಕಣ್ಣು ಕತ್ತಲಿಟ್ಟು ಬಿದ್ದಳು. ಆ ಮನೆಯ ಅಂಬುಜಮ್ಮ ಡಾಕ್ಟರು. ನೀರು ಕುಡಿಸಿ, ಕೆಳರೆಪ್ಪೆ ಎಳೆದು ನೋಡಿದರು. ಕೆಂಪಗಿರಬೇಕಾದಲ್ಲಿ ಸುಣ್ಣದ ಬಿಳುಪು.

“ನಾಳೆ ಬೆಂಕಿಪೊಟ್ಟಣದಲ್ಲಿ ಮಲ ತಗೊಂಡ್ಬಾ.”

“ಅಯ್ಯೋ, ನಿಮ್ಮಂಥೋರ ಮನೇಗಾ ಅವ್ವಾ?”

“ತಗೊಂಡ್ಬಾ ಕಣಮ್ಮ, ನಾನೇನು ಪೂಜೆಗೆ ಇಡಲ್ಲ.”

ಪರೀಕ್ಷೆಯಲ್ಲಿ ಕೊಕ್ಕೆಹುಳುವಿನ ಮೊಟ್ಟೆ ಸಿಕ್ಕಿತು. ಬಯಲಿಗೆ ಕೂತವರ ಮಲದಿಂದ ತೋಟದ ಹಸಿಮಣ್ಣಿಗಿಳಿದು, ಬರಿಗಾಲಲ್ಲಿ ತುಳಿದವರ ಅಂಗಾಲಿಗೆ ತೂರಿ, ಕರುಳು ಸೇರಿ, ವರ್ಷಗಟ್ಟಲೆ ರಕ್ತ ಹೀರುವ ಹುಳು. “ನೀನು ಸೋಮಾರಿ ಅಲ್ಲಮ್ಮ, ನಿನ್ನ ಮೈಯಲ್ಲಿ ರಕ್ತವೇ ಇಲ್ಲ” ಎಂದರು ಡಾಕ್ಟರು. ಬೆಟ್ಟಮ್ಮ ಬಿಕ್ಕಿ ಬಿಕ್ಕಿ ಅತ್ತಳು. ಕಾಯಿಲೆಯಿದೆ ಎಂದು ಕೇಳಿ ಅಷ್ಟು ಸಂತೋಷಪಟ್ಟವರನ್ನು ಡಾಕ್ಟರು ನೋಡಿರಲಿಲ್ಲ.

ಹುಳುವಿಗೆ ಔಷಧಿ, ರಕ್ತಕ್ಕೆ ಗುಳಿಗೆ. ನಾಲ್ಕು ತಿಂಗಳಲ್ಲಿ ಬೆಟ್ಟಮ್ಮ ಬಿಂದಿಗೆ ಹೊತ್ತು ಸರಸರ ಓಡಾಡಿದಳು. ಡಾಕ್ಟರು ಹೇಳಿದಂತೆ ಚಪ್ಪಲಿ ಮೆಟ್ಟಿಯೇ ತೋಟಕ್ಕೆ ನುಗ್ಗಿದಳು. ಜವರಪ್ಪ ಕುಣಿದಾಡಿದ.

“ಬೇಲಿ ಪಕ್ಕ ಬಯ್ಲಿಗೆ ಕೂತ್ರೆ ನಿಮ್ ಲಕ್ಷ್ಮಿಗೆ ಮೈಲಿಗೆ ಇಲ್ಲ, ನನ್ ಎಕ್ಕಡದಿಂದ ಮೈಲಿಗೆ ಆಗ್ಬುಡ್ತಾ?” ಎಂದು ಬೆಟ್ಟಮ್ಮ ಕೇಳಿದಾಗ ಅವನು ದಾರಿ ಬಿಟ್ಟು ಸರಿದ. ಆಮೇಲೆ ತೋಟದ ಹೆಂಗಸರನ್ನು ಒಬ್ಬೊಬ್ಬರಾಗಿ ಡಾಕ್ಟರ ಬಳಿಗೆ ಎಳೆದೊಯ್ದಳು. ಅವರೂ ಚಪ್ಪಲಿ ಕೊಂಡರು.

*

“ಹೆಣದ ಬಾಯಿಗೆ ಇಡಾಕೆ ಎಲೆ ತನ್ರವ್ವ” ಎಂದಳು ಮುದುಕಿಯೊಬ್ಬಳು.

ತೋಟ ಅಂಗಳಕ್ಕೆ ಎದುರೇ ಇತ್ತು. ಸೂತಕದ ಮಹದೇವಮ್ಮ ಬಳ್ಳಿ ಮುಟ್ಟುವಂತಿರಲಿಲ್ಲ. ಅವಳು ಎದ್ದು ನಿಂತಳು.

“ಯಜಮಾನ್ರೇ, ಎಲೆ ನೀವೇ ತರ್ಸಿ. ಆದ್ರೆ ಬರಿಗಾಲಲ್ಲಿ ಕಿತ್ತ ಎಲೆ ನಮ್ಮವ್ವನ ಬಾಯಿಗೆ ಇಡಲ್ಲ.”

“ಹೆಣದ ಮುಂದೆ ಹಟ ಮಾಡ್ತೀಯಾ?”

“ಮೊದ್ಲು ನೀವು ಮಾಡ್ಲಿಲ್ವಾ?”

ಆಗ ಹೆಂಗಸರ ನಡುವಿನಿಂದ ಜವರಪ್ಪನ ಹೆಂಡತಿ ಚಾಮುಂಡಮ್ಮ ಎದ್ದಳು. “ನಾನ್ ತರ್ತೀನಿ ಬುಡು ಮಗ” ಎಂದು ಬಾಗಿಲ ಬಳಿ ಬಿಟ್ಟಿದ್ದ ತನ್ನ ಚಪ್ಪಲಿ ಮೆಟ್ಟಿದಳು.

“ಏಯ್, ಅದನ್ನ ಬಿಟ್ಟು ಹೋಗು!” ಎಂದ ಜವರಪ್ಪ.

“ಹನ್ನೆರಡು ವರ್ಸದಿಂದ ಎಂಗೆ ಹೋಗ್ತಿದ್ದೆ ಅಂದ್ಕೊಂಡ್ರಿ? ನೀವು ಅತ್ಲಾಗೆ ಹೋಗೋಗಂಟ ಕಾದಿದ್ದು ಮೆಟ್ಕೋತಿದ್ದೆ. ಮೂರು ಮಕ್ಳು ಹೊಟ್ಟೇಲೇ ಹೋದ್ವಲ್ಲ, ಆವಾಗ ನನ್ನ ಡಾಕ್ಟ್ರ ಹತ್ರ ಕರ್ಕೊಂಡೋದೋಳು ಇವ್ಳೇ ಕಣ್ರೀ. ನಂಗೂ ಅದೇ ಹುಳ ಇತ್ತು. ನಮ್ ಮಗ ಚೆಲುವರಾಜು ಉಳ್ದದ್ದು ಇವ್ಳಿಂದ.”

ಜವರಪ್ಪ ಬೆಟ್ಟಮ್ಮನ ಮುಖ ನೋಡಿದ. ಆಮೇಲೆ ಅಂಗಳ ದಾಟಿ ಹೋಗಿ ತೋಟದ ತಡಿಕೆಬಾಗಿಲನ್ನು ತಾನೇ ಎತ್ತಿ ಹಿಡಿದ.

“ಎಳೇದು ನೋಡಿ ಕೀಳು. ಬಲಿತಿದ್ದು ಅವ್ಳಿಗೆ ಬ್ಯಾಡ” ಎಂದ.

ಚಾಮುಂಡಮ್ಮನ ಹಿಂದೆಯೇ ಉಳಿದ ಹೆಂಗಸರೂ ಎದ್ದು ಹೊರಟರು. ಅವನು ತೆರೆದು ಹಿಡಿದ ಬಾಗಿಲಿನಿಂದ ಬಳ್ಳಿಗಳ ಬುಡದವರೆಗೆ, ಹಸಿಮಣ್ಣಿನ ಮೇಲೆ ಚಪ್ಪಲಿಯ ಗುರುತುಗಳು ಒಂದರ ಮೇಲೊಂದು ಬೀಳುತ್ತ ಹೋದವು.